ಹಿತ್ತಿಲ ಮೊಟ್ಟೆಯೋ ಅಂಗಡಿಯ ಮೊಟ್ಟೆಯೋ: ಕೇಳಬೇಕಾದ ಪ್ರಶ್ನೆ ಬೇರೆಯಿದೆ

ಪ್ರಶ್ನೆ: ಹಲವು ವರ್ಷಗಳಿಂದ ಅಂಗಡಿಯ ಮೊಟ್ಟೆಯನ್ನೇ ತರುತ್ತಿದ್ದೆವು. ಈಗ ಮೂರು ತಿಂಗಳಿಂದ ಪರಿಚಯದವರೊಬ್ಬರು ತಾವು ಸಾಕಿರುವ ಇಪ್ಪತ್ತು ಕೋಳಿಗಳ ಮೊಟ್ಟೆಯನ್ನು ವಾರಕ್ಕೊಮ್ಮೆ ತಂದುಕೊಡುತ್ತಿದ್ದಾರೆ. ಹಳದಿ ಕಡು ಕಿತ್ತಳೆ ಬಣ್ಣಕ್ಕಿದೆ, ರುಚಿಯೂ ಚೆನ್ನಾಗಿದೆ. ಇದೇ ನಿಜವಾದ ಮೊಟ್ಟೆ, ಅಂಗಡಿಯದು ಹಾರ್ಮೋನು ಚುಚ್ಚಿದ ಕೋಳಿಯದು, ತಿಂಗಳುಗಟ್ಟಲೆ ಹಳೆಯದು ಎಂದು ಅತ್ತೆಯವರು ಹೇಳುತ್ತಾರೆ. ಯಾರೂ ಪರೀಕ್ಷೆ ಮಾಡದ ಮೊಟ್ಟೆಯನ್ನು ಮಗುವಿಗೆ ಕೊಡಬೇಡ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಕೆಲವು ಮೊಟ್ಟೆಗಳ ಮೇಲೆ ಹಿಕ್ಕೆ ಅಂಟಿರುತ್ತದೆ. ಹಾಗಾಗಿ ತಂದ ಕೂಡಲೇ ಎಲ್ಲವನ್ನೂ ತಣ್ಣೀರಿನಲ್ಲಿ ನೆನೆಸಿ, ಉಜ್ಜಿ ತೊಳೆದು, ಅಡುಗೆಮನೆಯ ಬುಟ್ಟಿಯಲ್ಲಿ ಇಡುತ್ತೇನೆ. ಕಳೆದ ವಾರ ಒಂದರಲ್ಲಿ ರಕ್ತದ ಚುಕ್ಕೆ ಕಂಡು ಎಸೆದೆ. ಬೇಯಿಸಿದರೆ ಸಿಪ್ಪೆ ಬಿಡುವುದಿಲ್ಲ, ಬಿಳಿಯ ಭಾಗ ಅರ್ಧ ಸಿಪ್ಪೆಯ ಜೊತೆಗೇ ಕಿತ್ತುಬರುತ್ತದೆ. ನಾನೀಗ ಐದು ತಿಂಗಳ ಗರ್ಭಿಣಿ, ಎರಡು ವರ್ಷದ ಮಗಳಿದ್ದಾಳೆ. ನಾವು ಯಾವ ಮೊಟ್ಟೆ ತಿನ್ನಬೇಕು, ಅದನ್ನು ಹೇಗೆ ಇಟ್ಟುಕೊಳ್ಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಯಾವ ಮೊಟ್ಟೆಯಲ್ಲಿ ಸತ್ವ ಹೆಚ್ಚು ಎಂಬುದು ಒಂದು. ಯಾವ ಮೊಟ್ಟೆಯಿಂದ ತೊಂದರೆಯಾಗುವುದಿಲ್ಲ ಎಂಬುದು ಇನ್ನೊಂದು. ಅತ್ತೆಯವರು ಮೊದಲನೆಯದಕ್ಕೆ ಉತ್ತರ ಹೇಳುತ್ತಿದ್ದಾರೆ, ನಿಮ್ಮ ಯಜಮಾನರು ಎರಡನೆಯದಕ್ಕೆ. ಆದ್ದರಿಂದಲೇ ಮಾತು ಮುಗಿಯುತ್ತಿಲ್ಲ. ಕೋಳಿಗಳ ಆರೋಗ್ಯವನ್ನೂ ಮೊಟ್ಟೆಯ ಗುಣಮಟ್ಟವನ್ನೂ ನೋಡಿಕೊಂಡು ಬಂದ ಪಶುವೈದ್ಯನಾಗಿ ನನಗನ್ನಿಸುವುದೆಂದರೆ, ಇಬ್ಬರ ಮಾತಿನಲ್ಲೂ ಅರ್ಧ ನಿಜವಿದೆ. ಮೊಟ್ಟೆ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಆ ಕೋಳಿ ಏನು ತಿನ್ನುತ್ತದೆ, ಎಂಥ ನೆಲವನ್ನು ಕೆದಕುತ್ತದೆ, ಇಟ್ಟ ಮೇಲೆ ಮೊಟ್ಟೆ ಎಷ್ಟು ದಿನ ಎಷ್ಟು ಸೆಕೆಯಲ್ಲಿ ಇತ್ತು ಎಂದು ಕೇಳಿದರೆ ನಿಮ್ಮ ಹೆಚ್ಚಿನ ಗೊಂದಲಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಹೆಸರಿನ ವಿಷಯದಲ್ಲಿ ಒಂದು ಮಾತು. ನಮ್ಮ ಮಾತಿನಲ್ಲಿ ‘ಫಾರಂ ಮೊಟ್ಟೆ’ ಎಂದರೆ ದೊಡ್ಡ ಶೆಡ್ಡುಗಳಿಂದ ಅಂಗಡಿಗೆ ಬರುವ ಮೊಟ್ಟೆ. ಪೊಟ್ಟಣದ ಮೇಲೆ ‘ಫಾರಂ ಫ್ರೆಶ್’ ಎಂದು ಅಚ್ಚಾಗಿದ್ದರೆ ಓದುವವರಿಗೆ ಹಿತ್ತಿಲ ಕೋಳಿಯ ನೆನಪಾಗುತ್ತದೆ. ‘ನಾಟಿ’ ಎಂಬುದಂತೂ ತಳಿಯ ಹೆಸರು, ಸಾಕುವ ರೀತಿಯ ಹೆಸರಲ್ಲ. ಗೊಂದಲವಾಗದಿರಲೆಂದು ನಾನು ಇಲ್ಲಿ ಹಿತ್ತಿಲ ಮೊಟ್ಟೆ, ಅಂಗಡಿಯ ಮೊಟ್ಟೆ ಎಂಬ ಎರಡೇ ಮಾತುಗಳನ್ನು ಬಳಸುತ್ತೇನೆ.

ಉಳಿದದ್ದನ್ನು ಹೇಳುವ ಮೊದಲು ಒಂದು ತುರ್ತಿನ ಸಲಹೆ: ಮೊಟ್ಟೆಯನ್ನು ತಣ್ಣೀರಿನಲ್ಲಿ ನೆನೆಸಿ ತೊಳೆಯುವುದನ್ನು ಇವತ್ತೇ ನಿಲ್ಲಿಸಿ. ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಆತಂಕ ತಂದ ಸಾಲು ರಕ್ತದ ಚುಕ್ಕೆಯದಲ್ಲ, ಈ ತೊಳೆಯುವಿಕೆಯದು.

ಮೊಟ್ಟೆಯ ಚಿಪ್ಪು ಮುಕ್ಕಾಲುಪಾಲಿಗಿಂತ ಹೆಚ್ಚು ಕ್ಯಾಲ್ಸಿಯಂ ಕಾರ್ಬೊನೇಟಿನಿಂದಾದದ್ದು, ದಪ್ಪ ಸುಮಾರು 0.3ರಿಂದ 0.4 ಮಿಲಿಮೀಟರ್. ಒಳಗೆ ಮರಿ ಬೆಳೆಯುವುದಾದರೆ ಅದಕ್ಕೆ ಉಸಿರು ಬೇಕಲ್ಲವೇ, ಅದಕ್ಕಾಗಿ ಆ ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿರುತ್ತವೆ. ಕೋಳಿ ಮೊಟ್ಟೆಯಿಡುವ ಕೊನೆಯ ಗಳಿಗೆಯಲ್ಲಿ ಇಡೀ ಚಿಪ್ಪಿಗೆ ಪ್ರೋಟೀನಿನ ತೆಳುವಾದ ಒಂದು ಲೇಪ ಬೀಳುತ್ತದೆ; ಕೆಲವೇ ನಿಮಿಷಗಳಲ್ಲಿ ಅದು ಒಣಗಿ ಆ ರಂಧ್ರಗಳ ಬಾಯಿ ಮುಚ್ಚುತ್ತದೆ. ಹೊರಗಿನ ರೋಗಾಣು ಒಳಗೆ ಹೋಗದಂತೆ ಮೊಟ್ಟೆಗೆ ಇರುವ ಮೊದಲ ಕಾವಲು ಇದೇ. ಉಜ್ಜಿ ತೊಳೆದರೆ ಈ ಲೇಪ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಮೊಟ್ಟೆಗಿಂತ ನೀರು ತಣ್ಣಗಿದ್ದಾಗ ಒಳಗಿನ ದ್ರವವೂ ಗಾಳಿಯೂ ಕುಗ್ಗಿ, ಚಿಪ್ಪಿನ ಮೇಲಿನ ಕೊಳಕು ನೀರನ್ನು ರಂಧ್ರಗಳ ಮೂಲಕ ಒಳಕ್ಕೆ ಎಳೆದುಕೊಳ್ಳುತ್ತವೆ. ಹಿಕ್ಕೆ ಕರಗಿದ ನೀರಿನಲ್ಲಿ ಹತ್ತು ಮೊಟ್ಟೆ ನೆನೆಸಿದರೆ, ಕೊಳೆಯಾಗಿದ್ದ ಎರಡರ ರೋಗಾಣುಗಳನ್ನು ಚೊಕ್ಕಟವಾಗಿದ್ದ ಎಂಟಕ್ಕೂ ಹಂಚಿದಂತಾಗುತ್ತದೆ.

ಹಾಗಾದರೆ ಅಂಗಡಿಯ ಮೊಟ್ಟೆಯನ್ನು ತೊಳೆದೇ ಕಳಿಸುತ್ತಾರಲ್ಲ ಎಂದು ನೀವು ಕೇಳಬಹುದು. ಎಲ್ಲ ಕಡೆಯೂ ಹಾಗಿಲ್ಲ, ಮತ್ತು ಈ ಭೇದ ತಿಳಿದುಕೊಳ್ಳುವಂಥದ್ದು. ಅಮೆರಿಕದಲ್ಲಿ ದರ್ಜೆಯ ಗುರುತಿರುವ ಮೊಟ್ಟೆಗಳನ್ನು ತೊಳೆಯುವುದು ಕಡ್ಡಾಯ. ಆದರೆ ಆ ನೀರು ಕನಿಷ್ಠ 32 ಡಿಗ್ರಿ ಸೆಲ್ಸಿಯಸ್ ಬಿಸಿಯಿರಬೇಕು, ಮೊಟ್ಟೆಗಿಂತ 11 ಡಿಗ್ರಿಯಷ್ಟಾದರೂ ಹೆಚ್ಚಿರಬೇಕು, ತೊಳೆದ ಮೇಲೆ ಸೋಂಕುನಾಶಕದ ಸಿಂಪಡಣೆಯಾಗಿ, ಒಣಗಿಸಿ, ಸುಮಾರು 7 ಡಿಗ್ರಿಯ ತಂಪಿಗೆ ಸೇರಿಸಬೇಕು. ಅಲ್ಲಿಂದ ಮುಂದೆ ಗ್ರಾಹಕರ ಮನೆಯವರೆಗೂ ಅದು ತಂಪಿನಲ್ಲೇ ಇರಬೇಕು. ಯುರೋಪಿಯನ್ ಒಕ್ಕೂಟದಲ್ಲಿ ಇದಕ್ಕೆ ನೇರ ತದ್ವಿರುದ್ಧ: ನೇರ ಬಳಕೆಗೆ ಮಾರುವ ‘ಎ’ ದರ್ಜೆಯ ಮೊಟ್ಟೆಯನ್ನು ಸಾಮಾನ್ಯವಾಗಿ ತೊಳೆಯುವಂತಿಲ್ಲ, ಅಂಗಡಿಯಲ್ಲಿ ಅದು ಶೀತಲ ಪೆಟ್ಟಿಗೆಯ ಹೊರಗೇ ಇರುತ್ತದೆ, ಏಕೆಂದರೆ ಅಲ್ಲಿ ನೆಚ್ಚಿಕೊಂಡಿರುವುದು ಕೋಳಿಯೇ ಕೊಟ್ಟ ಲೇಪವನ್ನು. ತೊಳೆದರೆ ತಂಪಿನಲ್ಲಿಡು, ತೊಳೆಯದಿದ್ದರೆ ಒಣಗಿರಿಸು. ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿಯಾದ ಪದ್ಧತಿಗಳೇ. ತೊಳೆದು, ಲೇಪ ಕಳೆದು, ಬೆಚ್ಚಗಿನ ಅಡುಗೆಮನೆಯಲ್ಲಿಡುವುದು ಮಾತ್ರ ಎರಡರ ದೋಷಗಳನ್ನೂ ಸೇರಿಸಿಕೊಂಡ ಮೂರನೆಯ ಪದ್ಧತಿ. ಸದ್ಯ ನಿಮ್ಮ ಮನೆಯಲ್ಲಿ ನಡೆಯುತ್ತಿರುವುದು ಅದೇ.

ಇನ್ನು ಮುಂದೆ, ಚೊಕ್ಕಟವಾಗಿರುವ ಮೊಟ್ಟೆಯನ್ನು ನೀರು ಸೋಕಿಸದೆ ಹಾಗೆಯೇ ಫ್ರಿಜ್ಜಿನಲ್ಲಿಡಿ. ಒಂದೆರಡು ಕಡೆ ಮಾತ್ರ ಮಣ್ಣು ಅಂಟಿದ್ದರೆ ಒಣ ಬಟ್ಟೆಯಿಂದಲೋ ನಯವಾದ ಉಜ್ಜುಕಾಗದದಿಂದಲೋ ಮೆಲ್ಲಗೆ ತೆಗೆಯಿರಿ. ನೀರಿನಲ್ಲೇ ತೊಳೆಯಬೇಕೆನ್ನಿಸಿದರೆ, ಒಡೆಯುವುದಕ್ಕೆ ಸ್ವಲ್ಪ ಮೊದಲು, ಕೈಗೆ ಬೆಚ್ಚಗೆನಿಸುವ ಹರಿಯುವ ನೀರಿನಲ್ಲಿ, ಒಂದೊಂದಾಗಿ ತೊಳೆಯಿರಿ. ಹಿಕ್ಕೆ ದಟ್ಟವಾಗಿ ಮೆತ್ತಿರುವುದನ್ನೂ ಬಿರುಕು ಬಿಟ್ಟಿರುವುದನ್ನೂ ನಿಮ್ಮ ಈಗಿನ ಸ್ಥಿತಿಯಲ್ಲಿ ಬಳಸದಿರುವುದೇ ಲೇಸು. ಒಮ್ಮೆ ಫ್ರಿಜ್ಜಿಗೆ ಸೇರಿದ ಮೊಟ್ಟೆಯನ್ನು ಮತ್ತೆ ಹೊರಗಿಟ್ಟು ದಿನ ಕಳೆಯಬೇಡಿ; ಚಿಪ್ಪಿನ ಮೇಲೆ ಬೆವರಿನಂತೆ ತೇವ ಕಟ್ಟುತ್ತದೆ, ಆ ತೇವವೇ ರೋಗಾಣುವಿಗೆ ದಾರಿ. ನಿಜ ಹೇಳಬೇಕೆಂದರೆ, ಪದೇ ಪದೇ ಕೊಳಕು ಮೊಟ್ಟೆ ಬರುತ್ತಿದ್ದರೆ ತೊಳೆಯಬೇಕಾದದ್ದು ಮೊಟ್ಟೆಯನ್ನಲ್ಲ, ಕೋಳಿ ಮೊಟ್ಟೆಯಿಡುವ ಗೂಡನ್ನು. ಹಾಸಿದ ಹುಲ್ಲು ಒಣಗಿದೆಯೇ, ಕೋಳಿಗಳು ರಾತ್ರಿ ಅದೇ ಗೂಡಿನಲ್ಲಿ ಮಲಗುತ್ತವೆಯೇ, ದಿನಕ್ಕೆ ಎಷ್ಟು ಸಲ ಮೊಟ್ಟೆ ಆರಿಸುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿ. ಮಲಗಲು ಮೇಲೊಂದು ಅಡ್ಡಗೋಲು ಕಟ್ಟಿಕೊಟ್ಟರೆ ಕೋಳಿ ಗೂಡನ್ನು ಹೊಲಸು ಮಾಡುವುದು ಎಷ್ಟೋ ಕಡಿಮೆಯಾಗುತ್ತದೆ.

ಈಗ ಹೊಸತು, ಹಳತು ಎಂಬ ವಿಷಯಕ್ಕೆ ಬರೋಣ. ಹಿತ್ತಿಲ ಮೊಟ್ಟೆಯ ನಿಜವಾದ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಕೋಳಿಯ ಮೈಯ ಬಿಸಿ ಸುಮಾರು 41 ಡಿಗ್ರಿ. ಹೊರಬಿದ್ದ ಮೊಟ್ಟೆ ತಣಿಯುತ್ತಾ ಒಳಗಿನದು ಕುಗ್ಗಿದಾಗ, ದಪ್ಪ ತುದಿಯಲ್ಲಿ ಗಾಳಿಯ ಪುಟ್ಟ ಕೋಣೆಯೊಂದು ಮೂಡುತ್ತದೆ. ದಿನ ಕಳೆದಂತೆ ತೇವ ಆರಿ ಆ ಕೋಣೆ ದೊಡ್ಡದಾಗುತ್ತದೆ. ಅದೇ ವೇಳೆಗೆ ಬಿಳಿಯ ಭಾಗದಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ರಂಧ್ರಗಳ ಮೂಲಕ ಹೊರಹೋಗುತ್ತದೆ, ಬಿಳಿಯ ಕ್ಷಾರಗುಣ ಏರುತ್ತದೆ: ಇಟ್ಟ ದಿನ 7.6ರ ಸುಮಾರಿಗೆ ಇದ್ದ ಪಿಎಚ್ ಕೆಲವು ದಿನಗಳಲ್ಲಿ 9ನ್ನು ದಾಟುತ್ತದೆ. ಇದರಿಂದ ಹಳದಿಯನ್ನು ಸುತ್ತುವರಿದಿದ್ದ ಗಟ್ಟಿ ಲೋಳೆ ನೀರಾಗುತ್ತದೆ, ಹಳದಿಯನ್ನು ಹಿಡಿದಿಟ್ಟ ಪೊರೆ ಸಡಿಲವಾಗುತ್ತದೆ. ಹೊಸ ಮೊಟ್ಟೆಯನ್ನು ಬಾಣಲೆಗೆ ಒಡೆದರೆ ಹಳದಿ ಗುಂಡಗೆ ಎದ್ದು ನಿಲ್ಲುವುದೂ ಹಳೆಯದು ಚಪ್ಪಟೆಯಾಗಿ ಹರಡುವುದೂ ಇದರಿಂದಲೇ. ರೇಮಂಡ್ ಹಾ ಎಂಬವರು 1937ರಲ್ಲಿ ರೂಪಿಸಿದ ಅಳತೆಯನ್ನು ನಾವು ಇಂದಿಗೂ ಬಳಸುತ್ತೇವೆ: ಮೊಟ್ಟೆ ತೂಗಿ, ಸಮತಟ್ಟಾದ ಗಾಜಿನ ಮೇಲೆ ಒಡೆದು, ಗಟ್ಟಿ ಲೋಳೆಯ ಎತ್ತರ ಅಳೆದು ಲೆಕ್ಕ ಹಾಕುವುದು. 72ಕ್ಕೆ ಮೇಲಿದ್ದರೆ ಅಮೆರಿಕದ ಅತ್ಯುತ್ತಮ ದರ್ಜೆ, 60ಕ್ಕಿಂತ ಕೆಳಗೆ ಬಿದ್ದರೆ ಕೆಳದರ್ಜೆ.

ಆದರೆ ಮೊಟ್ಟೆಯ ವಯಸ್ಸನ್ನು ಪಂಚಾಂಗ ನೋಡಿ ಹೇಳಲಾಗದು. ಮೇಲೆ ಹೇಳಿದ ಬದಲಾವಣೆಗಳೆಲ್ಲ ಸೆಕೆಯಲ್ಲಿ ಬಿರುಸಾಗಿಯೂ ತಂಪಿನಲ್ಲಿ ನಿಧಾನವಾಗಿಯೂ ನಡೆಯುತ್ತವೆ. ನಿಮ್ಮ ಪರಿಚಯದವರು ವಾರಕ್ಕೊಮ್ಮೆ ತರುತ್ತಾರೆ ಎಂದಿದ್ದೀರಿ. ಅಂದರೆ ಬುಟ್ಟಿಯಲ್ಲಿ ನಿನ್ನೆಯ ಮೊಟ್ಟೆಯೂ ಇರುತ್ತದೆ, ಏಳು ದಿನ ಬಿಸಿಲು ಕಾಲದ ಕೋಣೆಯಲ್ಲಿ ಕೂತದ್ದೂ ಇರುತ್ತದೆ. ಆ ಏಳು ದಿನದ್ದನ್ನೂ, ಇಟ್ಟ ದಿನವೇ ತಂಪು ಸೇರಿ ಮೂರು ವಾರ ಕಳೆದ ಅಂಗಡಿಯ ಮೊಟ್ಟೆಯನ್ನೂ ಪಕ್ಕಪಕ್ಕ ಒಡೆದರೆ, ಲೋಳೆ ಗಟ್ಟಿಯಾಗಿರುವುದು ಎರಡನೆಯದರಲ್ಲೇ ಇರಬಹುದು. ಇದನ್ನು ನಾನು ಎಷ್ಟೋ ಸಲ ಕೋಳಿ ಸಾಕುವವರ ಮುಂದೆಯೇ ಒಡೆದು ತೋರಿಸಿದ್ದೇನೆ. ಪಾಪ, ಅವರ ಮುಖ ಸಪ್ಪಗಾಗುತ್ತದೆ.

ಅಂಗಡಿಯ ಮೊಟ್ಟೆ ತಿಂಗಳುಗಟ್ಟಲೆ ಹಳೆಯದು ಎಂಬ ಮಾತು ಎಲ್ಲ ಕಡೆಗೂ ಅನ್ವಯಿಸುವುದಿಲ್ಲ. ಯುರೋಪಿನಲ್ಲಿ ಇಟ್ಟ ದಿನದಿಂದ 28 ದಿನದೊಳಗಿನ ದಿನಾಂಕವನ್ನೇ ಅಚ್ಚುಹಾಕಬೇಕು. ಅಮೆರಿಕದ ದರ್ಜೆಯ ಗುರುತಿರುವ ಪೆಟ್ಟಿಗೆಗಳ ಮೇಲೆ 001ರಿಂದ 365ರವರೆಗಿನ ಮೂರಂಕಿಯ ಸಂಖ್ಯೆಯೊಂದಿರುತ್ತದೆ. ವರ್ಷದ ಎಷ್ಟನೆಯ ದಿನ ಅದನ್ನು ತುಂಬಿದರೆಂದು ಅದು ತಿಳಿಸುತ್ತದೆ. ಯಾವ ದಿನಾಂಕವೂ ಇಲ್ಲದೆ, ಬಿಸಿಲಿಗೆ ಒಡ್ಡಿದಂತೆ ಪೇರಿಸಿಟ್ಟ ಮೊಟ್ಟೆಯ ಬಗ್ಗೆ ಅತ್ತೆಯವರಿಗೆ ಅನುಮಾನವಿದ್ದರೆ ಅವರ ಅನುಮಾನ ನ್ಯಾಯವಾದದ್ದೇ.

ನೀರಿನ ಪಾತ್ರೆಯಲ್ಲಿ ಬಿಟ್ಟು ನೋಡುವ ಪರೀಕ್ಷೆ ನಿಮಗೆ ಗೊತ್ತಿರಬಹುದು. ತಳದಲ್ಲಿ ಮಲಗಿದರೆ ಹೊಸತು, ಎದ್ದು ನಿಂತರೆ ಹಳತು, ತೇಲಿದರೆ ತೀರಾ ಹಳತು. ಅದು ಅಳೆಯುವುದು ಗಾಳಿಕೋಣೆಯ ಗಾತ್ರವನ್ನಷ್ಟೇ. ಮುಳುಗಿದ ಮೊಟ್ಟೆಯಲ್ಲಿ ರೋಗಾಣುವಿಲ್ಲ ಎಂದು ಅದರಿಂದ ಹೇಳಲಾಗದು. ಬಳಸುವ ಹೊತ್ತಿಗೆ ಮಾತ್ರ ಹಾಗೆ ನೋಡಿ, ನೋಡಿ ಮತ್ತೆ ಒಳಗಿಡಬೇಡಿ.

ಕಿತ್ತಳೆ ಬಣ್ಣದ ಹಳದಿಯನ್ನು ಕಂಡು ಮನಸ್ಸು ಸೋಲುವುದು ಸಹಜ. ಆ ಬಣ್ಣವನ್ನು ಕೋಳಿ ತಾನಾಗಿ ತಯಾರಿಸಲಾರದು. ಹಸಿರು ಸೊಪ್ಪು, ಹುಲ್ಲು, ಮೆಕ್ಕೆಜೋಳ ಇವುಗಳಲ್ಲಿರುವ ಲೂಟೀನ್, ಝಿಯಾಕ್ಸಾಂಥಿನ್ ಎಂಬ ವರ್ಣದ್ರವ್ಯಗಳು ಮೇವಿನಿಂದ ಹಳದಿಗೆ ಇಳಿಯುತ್ತವೆ. ಹಿತ್ತಿಲಲ್ಲಿ ಸೊಪ್ಪು ಮೇಯುವ ಕೋಳಿಯ ಮೊಟ್ಟೆ ಗಾಢವಾಗಿರುವುದು ಅದರಿಂದ. ಆದರೆ ಅದೇ ಬಣ್ಣವನ್ನು ಶೆಡ್ಡಿನ ಕೋಳಿಯ ಮೇವಿಗೆ ಚೆಂಡು ಹೂವಿನ ಸಾರವನ್ನೋ ಕೆಂಪು ಮೆಣಸಿನ ಸಾರವನ್ನೋ ಬೆರೆಸಿಯೂ ತರಬಹುದು, ತರುತ್ತಲೂ ಇದ್ದಾರೆ. ಹಳದಿಯ ಛಾಯೆ ಹೋಲಿಸಲು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ, ಸಂಖ್ಯೆ ಹಾಕಿದ ಬಣ್ಣದ ಪಟ್ಟಿಗಳನ್ನೇ ಈ ಉದ್ಯಮ ಇಟ್ಟುಕೊಂಡಿದೆ. ಗ್ರಾಹಕರು ಯಾವ ಸಂಖ್ಯೆ ಮೆಚ್ಚುತ್ತಾರೋ ಮೇವನ್ನು ಆ ಸಂಖ್ಯೆಗೆ ಹೊಂದಿಸುತ್ತಾರೆ. ಇನ್ನೊಂದು ಕಡೆ, ಕೋಳಿ ತಿಂದ ಬೀಟಾ ಕೆರೋಟಿನ್ ಬಹುಪಾಲು ವಿಟಮಿನ್ ‘ಎ’ ಆಗಿ ಮಾರ್ಪಟ್ಟು ಬಣ್ಣ ಕಳೆದುಕೊಳ್ಳುವುದರಿಂದ, ಪೇಲವ ಹಳದಿಯ ಮೊಟ್ಟೆಯಲ್ಲೂ ವಿಟಮಿನ್ ‘ಎ’ ಸಾಕಷ್ಟಿರಬಹುದು. ಚಿಪ್ಪಿನ ಬಣ್ಣವಂತೂ ಪೂರ್ತಿಯಾಗಿ ತಳಿಯ ವಿಷಯ: ಲೆಗ್‌ಹಾರ್ನ್ ಬಿಳಿ ಮೊಟ್ಟೆ ಇಡುತ್ತದೆ, ರೋಡ್ ಐಲ್ಯಾಂಡ್ ರೆಡ್ ಕಂದು, ಅರೌಕಾನಾ ತಿಳಿನೀಲಿ.

ಹಾಗೆಂದು ಸತ್ವದಲ್ಲಿ ವ್ಯತ್ಯಾಸವೇ ಇಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಚಿಪ್ಪು ತೆಗೆದು 50 ಗ್ರಾಂ ತೂಗುವ ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 5 ಗ್ರಾಂ ಕೊಬ್ಬು, 70 ಕ್ಯಾಲೊರಿಗಳಷ್ಟು ಶಕ್ತಿ ಇರುತ್ತವೆ. ಕೋಳಿಯನ್ನು ಹೇಗೆ ಸಾಕಿದರೂ ಈ ಲೆಕ್ಕ ಹೆಚ್ಚು ಕದಲುವುದಿಲ್ಲ. ಕದಲುವುದು ಹಳದಿಯ ಕೊಬ್ಬಿನ ಬಗೆ ಮತ್ತು ಆ ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳು. ಹಸಿರು ಮೇಯುವ ಕೋಳಿಯ ಮೊಟ್ಟೆಯಲ್ಲಿ ಒಮೆಗಾ-3 ಕೊಬ್ಬೂ ವಿಟಮಿನ್ ‘ಇ’ಯೂ, ಬಿಸಿಲಿಗೆ ಮೈಯೊಡ್ಡುವ ಕೋಳಿಯದರಲ್ಲಿ ವಿಟಮಿನ್ ‘ಡಿ’ಯೂ ಹೆಚ್ಚಿರುತ್ತವೆ. ಆದರೆ ಹಿತ್ತಿಲಲ್ಲಿದ್ದರೂ ಬರೀ ಕಾಳು ಮತ್ತು ಅಡುಗೆಮನೆಯ ಉಳಿಕೆ ತಿಂದು ಬದುಕುವ ಕೋಳಿ, ವಿಟಮಿನ್, ಅಯೋಡಿನ್, ಸೆಲೆನಿಯಂ ಎಲ್ಲವನ್ನೂ ಅಳೆದು ಬೆರೆಸಿದ ಮೇವು ತಿನ್ನುವ ಶೆಡ್ಡಿನ ಕೋಳಿಗಿಂತ ಬಡವಾದ ಮೊಟ್ಟೆಯನ್ನೇ ಇಡಬಹುದು. ಮೇವಿಗೆ ಅಗಸೆ ಬೀಜ ಬೆರೆಸಿದರೆ ಶೆಡ್ಡಿನಲ್ಲೂ ಒಮೆಗಾ-3 ಏರುತ್ತದೆ. ಮೇವಿನ ಈ ಆಟ ರುಚಿಯಲ್ಲೂ ಉಂಟು: ಕಂದು ಮೊಟ್ಟೆಯಿಡುವ ಕೆಲವು ಕೋಳಿಗಳಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವದ ದೋಷವಿರುತ್ತದೆ, ಅವು ಸಾಸಿವೆ ಜಾತಿಯ ರೇಪ್ ಬೀಜದ ಹಿಂಡಿ ತಿಂದರೆ ಮೊಟ್ಟೆಗೆ ಮೀನಿನ ವಾಸನೆ ಬರುತ್ತದೆ. ಇಷ್ಟು ಬಿಟ್ಟರೆ, ಒಂದೇ ದಿನ ಇಟ್ಟ ಎರಡು ಬಗೆಯ ಮೊಟ್ಟೆಗಳನ್ನು ಕಣ್ಣು ಕಟ್ಟಿ ತಿನ್ನಿಸಿದಾಗ ಬೇರೆ ಬೇರೆಯೆಂದು ಗುರುತಿಸುವುದು ಹೆಚ್ಚಿನವರಿಗೆ ಕಷ್ಟ. ನಿಮ್ಮ ನಾಲಗೆಗೆ ಹಿಡಿಸಿದ್ದರಲ್ಲಿ ಹೊಸತನದ ಪಾಲು ದೊಡ್ಡದು, ಬಣ್ಣದ ಪಾಲೂ ಸ್ವಲ್ಪ ಇದೆ.

ಹಾರ್ಮೋನಿನ ಮಾತನ್ನು ಅತ್ತೆಯವರು ಬಿಟ್ಟುಬಿಡಬಹುದು. ಕೋಳಿಗಳ ಪೂರ್ವಜವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಹತ್ತಿಪ್ಪತ್ತು ಮೊಟ್ಟೆಯಿಟ್ಟರೆ ಹೆಚ್ಚು. ಇಂದಿನ ಮೊಟ್ಟೆ ತಳಿಗಳು 300 ದಾಟುತ್ತವೆ. ಈ ಅಂತರ ಬಂದದ್ದು ತಲೆಮಾರುಗಳ ತಳಿ ಆಯ್ಕೆಯಿಂದ, ಅಳತೆಯ ಮೇವಿನಿಂದ ಮತ್ತು ಬೆಳಕಿನಿಂದ. ದಿನಕ್ಕೆ 14ರಿಂದ 16 ಗಂಟೆ ಬೆಳಕು ಕಂಡ ಕೋಳಿಯ ದೇಹವೇ ಮೊಟ್ಟೆಗೆ ಬೇಕಾದ ಹಾರ್ಮೋನನ್ನು ಸುರಿಸುತ್ತದೆ. ಹತ್ತಾರು ಸಾವಿರ ಕೋಳಿಗಳಿಗೆ ಒಂದೊಂದಾಗಿ ಸೂಜಿ ಚುಚ್ಚುವುದು ಯಾರಿಗೂ ಗಿಟ್ಟುವ ಕೆಲಸವಲ್ಲ. ಆಂಟಿಬಯೋಟಿಕ್ ವಿಷಯ ಹಾಗಲ್ಲ, ಅದು ಲಕ್ಷ್ಯ ಕೊಡಬೇಕಾದದ್ದು, ಮತ್ತು ಅದರಲ್ಲಿ ಹಿತ್ತಿಲೂ ಮುಗ್ಧವಲ್ಲ. ಕೋಳಿ ಮಂಕಾದಾಗ ಮನೆಯಲ್ಲಿ ಉಳಿದ ಮಾತ್ರೆ ಪುಡಿಮಾಡಿ ನೀರಿಗೆ ಬೆರೆಸುವವರನ್ನು ನಾನು ಕಂಡಿದ್ದೇನೆ. ಆ ದಿನಗಳ ಮೊಟ್ಟೆಯನ್ನು ಅವರು ಎಸೆಯುವುದೂ ಇಲ್ಲ. ಔಷಧಿ ಕೊಟ್ಟಾಗ ಎಷ್ಟು ದಿನ ಮೊಟ್ಟೆಯನ್ನು ಬಳಸದೆ ಬಿಡುತ್ತೀರಿ ಎಂದು ನಿಮ್ಮ ಪರಿಚಯದವರನ್ನು ಕೇಳಿ. ಪಶುವೈದ್ಯರು ಹೇಳಿದಷ್ಟು ದಿನ ಎಂಬುದು ಒಪ್ಪತಕ್ಕ ಉತ್ತರ.

ಯಜಮಾನರ ಆತಂಕದಲ್ಲಿ ಗಟ್ಟಿಯಾದ ಭಾಗ ಸಾಲ್ಮೊನೆಲ್ಲಾ, ಅಂದರೆ ಜ್ವರ, ವಾಂತಿಭೇದಿ ತರುವ ಬ್ಯಾಕ್ಟೀರಿಯಾ. ಇದು ಎರಡು ದಾರಿಯಿಂದ ಬರುತ್ತದೆ: ಹಿಕ್ಕೆಯ ಮೂಲಕ ಚಿಪ್ಪಿನ ಮೇಲೆ, ಅಥವಾ ಕೋಳಿಯ ಅಂಡಾಶಯವೇ ಸೋಂಕಿಗೆ ಒಳಗಾಗಿ, ಚಿಪ್ಪು ಕಟ್ಟುವ ಮೊದಲೇ ಮೊಟ್ಟೆಯೊಳಗೆ. ಎರಡನೆಯ ದಾರಿಯ ‘ಎಂಟೆರೈಟಿಡಿಸ್’ ಎಂಬ ಬಗೆಯನ್ನು ಹೊತ್ತ ಕೋಳಿ ನೋಡುವುದಕ್ಕೆ ಪೂರ್ತಿ ಆರೋಗ್ಯವಾಗಿರುತ್ತದೆ; ಅದರ ಮೊಟ್ಟೆಯ ಬಣ್ಣ, ವಾಸನೆ ಯಾವುದೂ ಕೆಟ್ಟಿರುವುದಿಲ್ಲ. ಬ್ರಿಟನ್ನಿನಲ್ಲಿ 1988ರಲ್ಲಿ ಇದೇ ವಿಷಯವಾಗಿ ದೊಡ್ಡ ಕೋಲಾಹಲವೆದ್ದಿತು. ಹತ್ತು ವರ್ಷಗಳ ನಂತರ ಅಲ್ಲಿ ‘ಲಯನ್’ (ಸಿಂಹ) ಎಂಬ ಗುಣಮಟ್ಟದ ಮುದ್ರೆಯ ಮೊಟ್ಟೆಗಳಿಗಾಗಿ ಕೋಳಿಗಳಿಗೆ ಲಸಿಕೆ ಹಾಕುವ ಕಟ್ಟುನಿಟ್ಟಿನ ಪದ್ಧತಿ ಬಂತು. 2017ರಲ್ಲಿ ಆ ಮುದ್ರೆಯಿರುವ ಮೊಟ್ಟೆಯನ್ನು ಗರ್ಭಿಣಿಯರೂ ಮಕ್ಕಳೂ ಅರೆಬೆಂದದ್ದಾಗಿ ತಿನ್ನಬಹುದೆಂದು ಅಲ್ಲಿನ ಆಹಾರ ಗುಣಮಟ್ಟ ಸಂಸ್ಥೆ ಹೇಳುವಷ್ಟು ಪರಿಸ್ಥಿತಿ ಸುಧಾರಿಸಿತು. ಈ ಮಾತು ಆಗ ಹೇಳಿದ್ದು ಆ ಮುದ್ರೆಯ ಮೊಟ್ಟೆಗೆ ಮಾತ್ರ ಎಂಬುದನ್ನು ಮರೆಯಬಾರದು. ಹಿತ್ತಿಲ ಕೋಳಿಗಳಿಗೆ ಸಾಮಾನ್ಯವಾಗಿ ಈ ಲಸಿಕೆ ಇರುವುದಿಲ್ಲ, ಕೆಲವೇ ಕೋಳಿಗಳಿವೆ ಎಂಬುದರಿಂದ ಸೋಂಕು ದೂರವಿರುವುದೂ ಇಲ್ಲ. ಗೂಡಿನ ಮೇವಿಗೆ ಬರುವ ಇಲಿಗಳು ಈ ರೋಗಾಣುವಿನ ಹಳೆಯ ಸಾಗಣೆದಾರರು. ನಾನು ಕೋಳಿಮನೆಗೆ ಹೋದರೆ ಕೋಳಿಗಿಂತ ಮೊದಲು ಮೇವಿನ ಡಬ್ಬದ ಸುತ್ತ ಇಲಿಯ ಹಿಕ್ಕೆ ಹುಡುಕುತ್ತೇನೆ.

ಸೋಂಕು ತಗಲಿದ ಮೊಟ್ಟೆಯಲ್ಲೂ ಮೊದಮೊದಲು ರೋಗಾಣುಗಳು ಕೆಲವೇ ಇರುತ್ತವೆ. ಬಿಳಿಯ ಲೋಳೆ ಅವುಗಳಿಗೆ ಒಗ್ಗದ ಜಾಗ: ಅದರಲ್ಲಿರುವ ಲೈಸೊಜೈಮ್ ಹಲವು ಬ್ಯಾಕ್ಟೀರಿಯಾಗಳ ಗೋಡೆಯನ್ನೇ ಒಡೆಯುತ್ತದೆ, ಇನ್ನೊಂದು ಪ್ರೋಟೀನ್ ಅವುಗಳಿಗೆ ಬೇಕಾದ ಕಬ್ಬಿಣವನ್ನು ಸಿಗದಂತೆ ಹಿಡಿದಿಡುತ್ತದೆ. ಕಬ್ಬಿಣವೂ ಪೌಷ್ಟಿಕಾಂಶವೂ ತುಂಬಿರುವುದು ಹಳದಿಯಲ್ಲಿ. ಸೆಕೆಯಲ್ಲಿ ದಿನ ಕಳೆದು ಹಳದಿಯ ಪೊರೆ ಸಡಿಲವಾದಾಗ ಅದು ಹೊರಗೆ ಸೋರುತ್ತದೆ, ಹತ್ತಿದ್ದ ರೋಗಾಣು ಲಕ್ಷಗಟ್ಟಲೆಯಾಗುತ್ತದೆ. ಹೊಸತನವೂ ತಂಪೂ ರುಚಿಗಷ್ಟೇ ಅಲ್ಲ, ರಕ್ಷಣೆಗೂ ಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಇದಕ್ಕೆ ಪರಿಹಾರ ಬೆಂಕಿಯಲ್ಲಿದೆ. ಮೊಟ್ಟೆಯ ಒಳಗು 71 ಡಿಗ್ರಿ ಮುಟ್ಟಿದರೆ ಸಾಲ್ಮೊನೆಲ್ಲಾ ಉಳಿಯುವುದಿಲ್ಲ. ಬಿಳಿಯೂ ಹಳದಿಯೂ ಎರಡೂ ಗಟ್ಟಿಯಾಗಿವೆ ಎಂದರೆ ಹೆಚ್ಚುಕಡಿಮೆ ಆ ಬಿಸಿ ತಲುಪಿದೆ ಎಂದರ್ಥ. ಅಡುಗೆಯ ಬೆಂಕಿ ತೆಗೆಯಲಾರದ ಇನ್ನೊಂದು ಅಪಾಯವಿದೆ, ಅದರ ಬಗ್ಗೆ ಮನೆಗಳಲ್ಲಿ ಮಾತು ಬರುವುದೇ ಕಡಿಮೆ.

ಅದು ನೆಲದ ವಿಷಯ. ಹೊರಗೆ ಓಡಾಡುವ ಕೋಳಿ ದಿನವಿಡೀ ಮಣ್ಣು ಕೆದಕಿ, ಹುಳ ಹೆಕ್ಕಿ, ಜೊತೆಗೆ ಮಣ್ಣನ್ನೂ ನುಂಗುತ್ತದೆ. ಆ ಮಣ್ಣಿನಲ್ಲಿ ಹಳೆಯ ಗೋಡೆಯಿಂದ ಉದುರಿದ ಸೀಸದ ಬಣ್ಣವಿದ್ದರೆ, ಹಿಂದೆ ಅಲ್ಲಿ ಬ್ಯಾಟರಿ ಒಡೆಯುತ್ತಿದ್ದರೆ, ಕಸ ಸುಡುತ್ತಿದ್ದರೆ, ಸೀಸವೂ, ಕಸ ಸುಟ್ಟಾಗ ಹುಟ್ಟುವ ಡಯಾಕ್ಸಿನ್ ಎಂಬ ವಿಷವೂ ಮೊಟ್ಟೆಗೆ ಬರುತ್ತವೆ. ಕೋಳಿ ಮಾತ್ರ ಗೆಲುವಾಗಿಯೇ ಇರುತ್ತದೆ. ಸೀಸ ಹೊಟ್ಟೆಯಲ್ಲಿರುವ ಶಿಶುವಿನ ಮತ್ತು ಪುಟ್ಟ ಮಕ್ಕಳ ಮಿದುಳಿಗೆ ಹಾನಿ ಮಾಡುವಂಥದ್ದು, ಆದ್ದರಿಂದ ನಿಮ್ಮ ಮನೆಯ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. 2025ರ ಏಪ್ರಿಲ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ರಾಷ್ಟ್ರೀಯ ಸಾರ್ವಜನಿಕ ಆರೋಗ್ಯ ಮತ್ತು ಪರಿಸರ ಸಂಸ್ಥೆಯು, ಪಿಫಾಸ್ ಎಂಬ, ಪರಿಸರದಲ್ಲಿ ನಶಿಸದೆ ಬಹುಕಾಲ ಉಳಿಯುವ ರಾಸಾಯನಿಕಗಳು ಕಂಡುಬಂದ ಕಾರಣ, ಮನೆಯಲ್ಲಿ ಸಾಕಿದ ಕೋಳಿಗಳ ಮೊಟ್ಟೆ ತಿನ್ನದಿರುವಂತೆ ಇಡೀ ದೇಶಕ್ಕೆ ಸಲಹೆ ಕೊಟ್ಟಿತು. ಅಂಗಡಿಯ ಮೊಟ್ಟೆಗಳಿಗೆ ಆ ಎಚ್ಚರಿಕೆ ಇರಲಿಲ್ಲ. ದೊಡ್ಡ ಉದ್ಯಮ ಇದರಿಂದ ಬೀಗಬೇಕಾಗಿಲ್ಲ. ಅದೇ ದೇಶದಲ್ಲೂ ಬೆಲ್ಜಿಯಂನಲ್ಲೂ 2017ರಲ್ಲಿ ಕೋಳಿಯ ಕೆಂಪು ಉಣ್ಣಿ ಕೊಲ್ಲಲು ಕಾನೂನುಬಾಹಿರವಾಗಿ ಬಳಸಿದ ಫಿಪ್ರೊನಿಲ್ ಎಂಬ ಕೀಟನಾಶಕ ಬೆರೆತು, ಅಂಗಡಿಯ ಮೊಟ್ಟೆಗಳನ್ನು ಲಕ್ಷಗಟ್ಟಲೆ ಹಿಂದಕ್ಕೆ ಪಡೆಯಬೇಕಾಯಿತು. ಒಂದು ವ್ಯತ್ಯಾಸವೆಂದರೆ, ಅಲ್ಲಿ ಅಳೆದು ನೋಡುವವರು ಇದ್ದರು, ಹಾಗಾಗಿ ಸಿಕ್ಕಿಬಿತ್ತು. ಇಪ್ಪತ್ತು ಕೋಳಿಗಳ ಹಿತ್ತಿಲನ್ನು ಅಳೆಯುವವರು ಯಾರೂ ಇರುವುದಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಹಿತ್ತಿಲ ಮೊಟ್ಟೆಯನ್ನೇ ಮುಂದುವರಿಸುವುದಾದರೆ ಒಮ್ಮೆ ಹೋಗಿ ಆ ಜಾಗ ನೋಡಿಬನ್ನಿ. ನೆಲದ ಹಿನ್ನೆಲೆ ಒಳ್ಳೆಯದಿದ್ದು, ಮೇವನ್ನು ನೆಲಕ್ಕೆ ಎರಚದೆ ತಟ್ಟೆಯಲ್ಲಿ ಕೊಡುತ್ತಿದ್ದು, ಇಲಿಯ ಕಾಟವಿಲ್ಲದೆ, ದಿನಕ್ಕೆರಡು ಸಲ ಮೊಟ್ಟೆ ಆರಿಸುತ್ತಿದ್ದರೆ ನಾನಾದರೆ ತಿನ್ನುತ್ತೇನೆ. ವಾರಕ್ಕೊಮ್ಮೆಯ ಬದಲು ಎರಡು ಸಲ ತಂದುಕೊಡಲು, ಪ್ರತಿ ಮೊಟ್ಟೆಯ ಮೇಲೂ ಇಟ್ಟ ದಿನವನ್ನು ಪೆನ್ಸಿಲ್‌ನಲ್ಲಿ ಬರೆಯಲು ಹೇಳಿ. ನೆಲದ ಬಗ್ಗೆ ಅನುಮಾನವಿದ್ದರೆ ಮಣ್ಣಿನಲ್ಲಿ ಸೀಸದ ಪರೀಕ್ಷೆ ಮಾಡಿಸುವವರೆಗೆ ಅಂಗಡಿಯ ಮೊಟ್ಟೆಗೆ ಮರಳಿ; ನಿಮ್ಮ ಹೆರಿಗೆಯಾಗುವ ತನಕವಾದರೂ ಆ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಅಂಗಡಿಯದನ್ನೇ ಆರಿಸಿಕೊಂಡರೆ ದಿನಾಂಕ ಇರುವುದನ್ನು, ಬಿರುಕಿಲ್ಲದ್ದನ್ನು, ತಂಪಿನಲ್ಲಿಟ್ಟದ್ದನ್ನು ತನ್ನಿ. ಹೊಸತನದಲ್ಲಿಯೂ ಬಹುಶಃ ಒಮೆಗಾ-3ರಲ್ಲಿಯೂ ಸ್ವಲ್ಪ ಬಿಟ್ಟುಕೊಟ್ಟಂತಾಗುತ್ತದೆ, ಅಷ್ಟೇ. ಯಾವುದಾದರೂ ಸರಿ, ನೀವೂ ಮಗಳೂ ಸದ್ಯಕ್ಕೆ ಹಳದಿ ಗಟ್ಟಿಯಾಗುವವರೆಗೆ ಬೇಯಿಸಿಯೇ ತಿನ್ನಿ. ಹಸಿ ಮೊಟ್ಟೆ ಬೇಕಾಗುವ ತಿನಿಸು ಮಾಡಲೇಬೇಕಿದ್ದರೆ ಪಾಶ್ಚರೀಕರಿಸಿದ, ಅಂದರೆ ಗಟ್ಟಿಯಾಗದಂತೆ ಹದವಾಗಿ ಕಾಯಿಸಿ ರೋಗಾಣು ಕೊಂದ ಮೊಟ್ಟೆಯೊಂದೇ ದಾರಿ. ಹಸಿ ಮೊಟ್ಟೆಗೆ ಔಷಧಿಯ ಗುಣವಿದೆ ಎಂದು ಹಿರಿಯರು ಹೇಳಿದರೂ ಒಪ್ಪಬೇಡಿ. ಬೇಯಿಸಿದ ಬಿಳಿಯ ಪ್ರೋಟೀನ್ ಹಸಿಯದಕ್ಕಿಂತ ಚೆನ್ನಾಗಿ ಜೀರ್ಣವಾಗುತ್ತದೆ, ಹಸಿಯದರಲ್ಲಿರುವ ಅವಿಡಿನ್ ಎಂಬ ಪ್ರೋಟೀನ್ ಬಯೋಟಿನ್ ವಿಟಮಿನ್ನನ್ನು ದೇಹಕ್ಕೆ ದಕ್ಕದಂತೆ ಕಟ್ಟಿಹಾಕುತ್ತದೆ. ಮಗಳನ್ನು ಕೋಳಿ ನೋಡಲು ಕರೆದೊಯ್ದರೆ ದೂರದಿಂದ ತೋರಿಸಿ. ಐದು ವರ್ಷದೊಳಗಿನ ಮಕ್ಕಳು ಕೋಳಿ ಮುಟ್ಟಿ ಸೋಂಕು ತಗಲಿಸಿಕೊಳ್ಳುವುದು ಮೊಟ್ಟೆ ತಿಂದು ತಗಲಿಸಿಕೊಳ್ಳುವಷ್ಟೇ ನಿಜ.

ನೀವು ಎಸೆದ ಆ ಮೊಟ್ಟೆಯನ್ನು ತಿನ್ನಬಹುದಿತ್ತು. ಹಳದಿ ಬಿಡುಗಡೆಯಾಗುವಾಗ ಕೋಳಿಯ ಅಂಡಾಶಯದ ಸಣ್ಣ ರಕ್ತನಾಳವೊಂದು ಒಡೆದರೆ ಆ ಚುಕ್ಕೆ ಮೂಡುತ್ತದೆ. ಹುಂಜಕ್ಕೂ ಮರಿಗೂ ಅದಕ್ಕೂ ಸಂಬಂಧವಿಲ್ಲ. ಅಂಗಡಿಗೆ ಹೋಗುವ ಮೊಟ್ಟೆಗಳನ್ನು ಬೆಳಕಿಗೆ ಹಿಡಿದು ಇಂಥವನ್ನು ಮೊದಲೇ ಬೇರ್ಪಡಿಸುವುದರಿಂದ ನಿಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಹುಂಜವಿದ್ದು ಮೊಟ್ಟೆಗೆ ಬೀಜ ಕಟ್ಟಿದ್ದರೂ, ಸುಮಾರು 37.5 ಡಿಗ್ರಿಯ ಕಾವು ಬಿಡದೆ ಸಿಕ್ಕರೆ ಮಾತ್ರ 21 ದಿನಕ್ಕೆ ಮರಿಯಾಗುತ್ತದೆ. ಇಟ್ಟ ದಿನವೇ ಆರಿಸಿ ತಂಪಿನಲ್ಲಿಟ್ಟದ್ದರಲ್ಲಿ ಏನೂ ಬೆಳೆಯುವುದಿಲ್ಲ.

ಸಿಪ್ಪೆ ಬಿಡದಿರುವುದು ನಿಮ್ಮ ಮೊಟ್ಟೆ ಹೊಸದೆನ್ನುವುದರ ಗುರುತು. ಕ್ಷಾರಗುಣ ಏರುವ ಮೊದಲು ಬೇಯಿಸಿದರೆ ಬಿಳಿಯ ಭಾಗ ಒಳಪೊರೆಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಪೆನ್ಸಿಲ್ ಗುರುತು ನೋಡಿ, ಫ್ರಿಜ್ಜಿನಲ್ಲಿ ವಾರ ಹತ್ತು ದಿನ ಕಳೆದವನ್ನು ಬೇಯಿಸಲು ತೆಗೆದಿಟ್ಟುಕೊಳ್ಳಿ, ಹೊಸದನ್ನು ಬಾಣಲೆಗೆ ಒಡೆಯಿರಿ. ಹೊಸದನ್ನೇ ಬೇಯಿಸಬೇಕಾಗಿ ಬಂದರೆ ತಣ್ಣೀರಿನಲ್ಲಿಟ್ಟು ಕಾಯಿಸಬೇಡಿ. ನೀರು ಕುದಿ ಬಂದ ಮೇಲೆ ಚಮಚದಿಂದ ಒಂದೊಂದಾಗಿ ಇಳಿಸಿ, ಹನ್ನೆರಡು ನಿಮಿಷ ಬೇಯಿಸಿ, ಕೂಡಲೇ ತಣ್ಣೀರಿಗೆ ಹಾಕಿ. ದಪ್ಪ ತುದಿಯಲ್ಲಿ, ಗಾಳಿಕೋಣೆ ಇರುವ ಕಡೆ ತಟ್ಟಿ ಒಡೆದು ಅಲ್ಲಿಂದ ಸುಲಿಯಲು ತೊಡಗಿದರೆ ಪೊರೆಯೂ ಚಿಪ್ಪಿನೊಂದಿಗೇ ಬರುತ್ತದೆ.